ರಕ್ತದಲ್ಲಿ ವಿಟಮಿನ್ ಡಿ ಅಳೆಯಲು ಕಲಿತ ಕತೆ

ಲ್ಯಾಬಿನ ರಿಪೋರ್ಟಿನಲ್ಲಿ ‘ವಿಟಮಿನ್ ಡಿ’ ಎಂಬ ಹೆಸರಿನ ಮುಂದೆ ಕಾಣುವ ಸಂಖ್ಯೆ, ಆ ವಿಟಮಿನ್ನಿನಿಂದ ಯಕೃತ್ತು ತಯಾರಿಸುವ 25-ಹೈಡ್ರಾಕ್ಸಿ ವಿಟಮಿನ್ ಡಿ ಎಂಬ ವಸ್ತುವಿನದು. ಚರ್ಮದಲ್ಲಿರುವ 7-ಡಿಹೈಡ್ರೊಕೊಲೆಸ್ಟರಾಲಿನ ಮೇಲೆ ಬಿಸಿಲಿನ ಅತಿನೇರಳೆ-ಬಿ ಕಿರಣ ಬಿದ್ದಾಗ ಡಿ3 ಹುಟ್ಟುತ್ತದೆ. ಅದು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೂತ್ರಪಿಂಡದಲ್ಲಿ ಸಿದ್ಧವಾಗುವ ಕೊನೆಯ ರೂಪದ ಆಯುಷ್ಯ ಕೆಲವೇ ಗಂಟೆ; ದೇಹದಲ್ಲಿ ಕೊರತೆ ಇದ್ದರೂ ಅದರ ಮಟ್ಟ ಸರಿಯಾಗಿಯೇ ಕಾಣಬಹುದು. ನಡುವಿನ 25-ಹೈಡ್ರಾಕ್ಸಿ ರೂಪ ಮಾತ್ರ ಅರ್ಧಕ್ಕೆ ಇಳಿಯಲು ಎರಡು ಮೂರು ವಾರ ಹಿಡಿಯುತ್ತದೆ. ಹಿಂದಿನ ಕೆಲವು ವಾರಗಳ ಬಿಸಿಲು, ಆಹಾರ, ಔಷಧ ಎಲ್ಲದರ ಲೆಕ್ಕ ಅದರಲ್ಲಿ ಸಿಗುತ್ತದೆ.

ಬಿಸಿಲಿನ ಮಾತಿಗೇ ಬಂದರೆ, ಕರಾವಳಿ ಕರ್ನಾಟಕದಲ್ಲಿ ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿರುವ ಬೆಳ್ಮಣ್, ಸಮಭಾಜಕದಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿದೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ನಡುವಿನಲ್ಲಿ ಸೂರ್ಯ ಇಲ್ಲಿ ನೇರ ನೆತ್ತಿಗೆ ಬರುತ್ತಾನೆ. ಬಿಸಿಲಿಗೆ ಬಡತನವಿಲ್ಲದ ಇಂಥ ಸೀಮೆಯಲ್ಲೂ ಕೊರತೆ ಇರಬಹುದೆಂದು ತೋರಿಸಿದ್ದು ರಕ್ತಪರೀಕ್ಷೆಯೇ. ಹೆಚ್ಚುಕಡಿಮೆ ಇದೇ ಅಕ್ಷಾಂಶದ ತಿರುಪತಿಯಲ್ಲಿ ಸಿ.ವಿ. ಹರಿನಾರಾಯಣ್ ಮತ್ತು ಸಂಗಡಿಗರು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೇಟೆಯವರಿಗಿಂತ ಹಳ್ಳಿಯವರ ಮಟ್ಟ ಮೇಲಿತ್ತು. ಆದರೂ ಎರಡೂ ಕಡೆ ಕೊರತೆ ವ್ಯಾಪಕವಾಗಿತ್ತು. ಜಗಲಿಯಲ್ಲಿ ಕುಳಿತು ದಿನವಿಡೀ ಬೀಡಿ ಕಟ್ಟುವವರು, ಗಾಜಿನ ಕಿಟಕಿಯ ಹಿಂದೆ ಕೆಲಸ ಮಾಡುವವರು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡ ಇವನ್ನೆಲ್ಲ ನೆನೆದರೆ, ಊರಿನ ಬಿಸಿಲು ನೋಡಿ ರಕ್ತದ ಮಟ್ಟ ಊಹಿಸಬಾರದೆಂಬುದು ಕರಾವಳಿಗೂ ಸಲ್ಲುವ ಮಾತು. ಅಳೆದೇ ತಿಳಿಯಬೇಕು.

ಅಳೆಯುವುದೇ ಕಷ್ಟವಾಗಿತ್ತು. ಒಂದು ಮಿಲಿಲೀಟರ್ ಸೀರಮ್ಮಿನಲ್ಲಿ ಈ ವಸ್ತು ಇರುವುದು 20ರಿಂದ 30 ನ್ಯಾನೋಗ್ರಾಂ. ಅದೇ ಹನಿಯಲ್ಲಿ ಇದರ ರಾಸಾಯನಿಕ ದಾಯಾದಿಯಾದ ಕೊಲೆಸ್ಟರಾಲ್ ಸುಮಾರು ಒಂದು ಲಕ್ಷ ಪಟ್ಟು ಹೆಚ್ಚಿರುತ್ತದೆ. ಸಾಲದ್ದಕ್ಕೆ, ವಿಟಮಿನ್ನನ್ನು ಹೊತ್ತು ತಿರುಗುವ ಪ್ರೋಟೀನು ಅದನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಬ್ರಿಟಿಷ್ ಸಂಶೋಧಕ ಮೆಲನ್ಬಿ 1919ರ ಹೊತ್ತಿಗೆ ನಾಯಿಮರಿಗಳಲ್ಲಿ ಮೂಳೆ ಮೆತ್ತಗಾಗುವ ರಿಕೆಟ್ಸ್ ತರಿಸಿ, ಕಾಡ್ ಮೀನೆಣ್ಣೆ ಅದನ್ನು ತಡೆಯುವುದನ್ನು ತೋರಿಸಿದ್ದರು. ಆಮೇಲೆ ದಶಕಗಳ ಕಾಲ ವಿಟಮಿನ್ ಡಿಯ ಅಳತೆಗೋಲು ಪ್ರಾಣಿಗಳ ಮೂಳೆಯೇ ಆಗಿತ್ತು.

1968ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆಕ್ಟರ್ ಡಿಲೂಕ ಅವರ ತಂಡ ಹಂದಿಯ ರಕ್ತದಿಂದ 25-ಹೈಡ್ರಾಕ್ಸಿ ರೂಪವನ್ನು ಬೇರ್ಪಡಿಸಿ ಗುರುತಿಸಿತು. ಮೂರೇ ವರ್ಷಕ್ಕೆ, 1971ರಲ್ಲಿ, ಜಾನ್ ಹದ್ದಾದ್ ಮತ್ತು ಚ್ಯೂ ಅದನ್ನು ರಕ್ತದಲ್ಲಿ ಅಳೆಯುವ ದಾರಿ ತೋರಿಸಿದರು. ರಕ್ತದಲ್ಲಿದ್ದ ಅಣುಗಳೂ ವಿಕಿರಣದ ಗುರುತು ಹಚ್ಚಿದ ಅಣುಗಳೂ ಒಂದೇ ಪ್ರೋಟೀನಿಗಾಗಿ ಪೈಪೋಟಿ ನಡೆಸುವಂತೆ ಮಾಡುವುದು ಅವರ ಉಪಾಯ. ದಿನವಿಡೀ ಬಿಸಿಲಿನಲ್ಲಿರುವ ಈಜುತಾಣದ ಜೀವರಕ್ಷಕರ ರಕ್ತದಲ್ಲಿ ಇತರರ ಎರಡು ಪಟ್ಟಿಗೂ ಹೆಚ್ಚು ಪ್ರಮಾಣ ಸಿಕ್ಕಿತು. ಬಿಸಿಲಿಗೂ ರಕ್ತಕ್ಕೂ ಇರುವ ನಂಟು ಅಂಕಿಯಲ್ಲಿ ಕಂಡಿತು. ಆದರೆ ಡಿ3 ಮೂಲದ ಅಣುಗಳನ್ನೂ ವಿಟಮಿನ್ನಿನ ಇನ್ನೊಂದು ಬಗೆಯಾದ ಡಿ2 ಮೂಲದ ಅಣುಗಳನ್ನೂ ಬಿಡಿಸಿ ಹೇಳುವುದು ಆ ವಿಧಾನಕ್ಕೆ ಆಗುತ್ತಿರಲಿಲ್ಲ.

ಬಿಡಿಸಿದ್ದು ಲಿಕ್ವಿಡ್ ಕ್ರೊಮಟೋಗ್ರಫಿ. 1977ರಲ್ಲಿ ಐಸ್‌ಮನ್, ಶೆಪರ್ಡ್ ಮತ್ತು ಡಿಲೂಕ ಮನುಷ್ಯರ ಪ್ಲಾಸ್ಮಾದಲ್ಲಿ ಎರಡನ್ನೂ ಬೇರೆಬೇರೆಯಾಗಿ ಅಳೆದರು. ಮರುವರ್ಷ ಗ್ಲೆನ್‌ವಿಲ್ ಜೋನ್ಸ್ ಇನ್ನೊಂದು ಕ್ರಮ ಪ್ರಕಟಿಸಿದರು. ಇಂದು ಸಾಮಾನ್ಯವಾಗಿ ಕೆಲಸ ನಡೆಯುವುದು ಹೀಗೆ: ಸೀರಮ್ಮಿಗೆ ಅಸಿಟೋನೈಟ್ರೈಲ್ ಬೆರೆಸಿದರೆ ಪ್ರೋಟೀನು ಬಿಳಿಯಾಗಿ ಹೆಪ್ಪುಗಟ್ಟಿ, ವಿಟಮಿನ್ ಅದರ ಹಿಡಿತದಿಂದ ಬಿಡಿಸಿಕೊಳ್ಳುತ್ತದೆ. ಅದನ್ನು ಹೆಕ್ಸೇನಿಗೆ ಇಳಿಸಿಕೊಂಡು, ದ್ರಾವಕವನ್ನು ಆರಿಸಿ, ಉಳಿದದ್ದನ್ನು ಕಾಲಂ ಎಂಬ ಗೇಣುದ್ದಕ್ಕೂ ಕಡಿಮೆಯ ಉಕ್ಕಿನ ಕೊಳವೆಗೆ ಹೆಚ್ಚು ಒತ್ತಡದಲ್ಲಿ ಹಾಯಿಸುತ್ತಾರೆ. ಒಳಗೆ ತುಂಬಿರುವುದು ಕೆಲವೇ ಮೈಕ್ರಾನ್ ಗಾತ್ರದ ಸಿಲಿಕಾ ಕಣಗಳು; ಅವುಗಳ ಮೈಮೇಲೆ 18 ಇಂಗಾಲಗಳ ಸರಪಳಿ. ಜಿಡ್ಡಿನ ಗುಣ ಹೆಚ್ಚಿರುವ ಅಣು ಅಲ್ಲಿ ಅಂಟಿಕೊಂಡು ತಡವಾಗಿ ಹೊರಬರುತ್ತದೆ, ಕಡಿಮೆಯಿರುವುದು ಬೇಗ. ಹೊರಬಂದದ್ದನ್ನು 265 ನ್ಯಾನೋಮೀಟರ್ ಅತಿನೇರಳೆ ಬೆಳಕಿನಲ್ಲಿ ನೋಡಿದರೆ ಪರದೆಯ ಮೇಲೆ ಶಿಖರವೊಂದು ಏಳುತ್ತದೆ. ಅದರ ಅಗಲ ಎತ್ತರಗಳೇ ಪ್ರಮಾಣದ ಲೆಕ್ಕ. ಮಣಿಪಾಲದಂಥ ಕಡೆ ಫಾರ್ಮಸಿ ಓದುವ ವಿದ್ಯಾರ್ಥಿಗಳು ಔಷಧದ ಶುದ್ಧತೆ ನೋಡಲು ಕಲಿಯುವ ಎಚ್‌ಪಿಎಲ್‌ಸಿ ಇದೇ.

ನಿಖರತೆಯಿತ್ತು, ವೇಗವಿರಲಿಲ್ಲ. ಹಾಗಾಗಿ ಬ್ರೂಸ್ ಹಾಲಿಸ್ 1985ರಲ್ಲಿ ರೂಪಿಸಿದ ಪ್ರತಿಕಾಯ ಆಧಾರಿತ ಪರೀಕ್ಷೆ, ಅದರ ಹಿಂದೆ ಬಂದ ಸ್ವಯಂಚಾಲಿತ ಯಂತ್ರಗಳು ಲ್ಯಾಬುಗಳನ್ನು ತುಂಬಿದವು. ಇವುಗಳ ದೋಷ ಸಣ್ಣದಲ್ಲ. ಕೆಲವು ಕಿಟ್‌ಗಳು ಡಿ2ವನ್ನು ಪೂರ್ತಿ ಗುರುತಿಸುತ್ತಿರಲಿಲ್ಲ. ಡಿ2 ಮಾತ್ರೆ ನುಂಗಿದವರಿಗೂ ಕೊರತೆಯ ರಿಪೋರ್ಟೇ ಬರಬಹುದಿತ್ತು. ನಮ್ಮಲ್ಲಿ ವಾರಕ್ಕೊಂದರಂತೆ ಬರೆದುಕೊಡುವ 60,000 ಯೂನಿಟ್ಟಿನ ಪುಡಿ ಡಿ3 ಆದದ್ದರಿಂದ ಈ ತೊಡಕು ಇಲ್ಲಿ ಕಡಿಮೆ. ಒಂದೇ ಮಾದರಿಗೆ ಲ್ಯಾಬು ಲ್ಯಾಬಿಗೂ ಬೇರೆ ಉತ್ತರ ಬರುವುದನ್ನು ಹಿಡಿಯಲೆಂದೇ 1989ರಲ್ಲಿ ಬ್ರಿಟನ್ನಿನಲ್ಲಿ ಡೀಕ್ವಾಸ್ ಎಂಬ ಗುಣಮಟ್ಟ ಯೋಜನೆ ಶುರುವಾಯಿತು.

ಕ್ರೊಮಟೋಗ್ರಫಿ ಮತ್ತೆ ಮುಂಚೂಣಿಗೆ ಬಂದದ್ದು ಅತಿನೇರಳೆ ಬೆಳಕಿನ ಜಾಗದಲ್ಲಿ, ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಕೂತಾಗ. 2004ರಲ್ಲಿ ಮ್ಯೂನಿಕ್‌ನ ಮೈಕೆಲ್ ಫೋಗೆಸರ್ ತಂಡ ಇಂಥ ಕ್ರಮವನ್ನು ಆಕರ ವಿಧಾನವಾಗಿ ಮುಂದಿಟ್ಟಿತು. ಇದರಲ್ಲಿ ಮಾದರಿಗೆ ಮೊದಲೇ, ಹೈಡ್ರೋಜನ್ನಿನ ಬದಲು ಡ್ಯುಟೀರಿಯಂ ಇರುವ ಅದೇ ಅಣುವನ್ನು ಗೊತ್ತಾದ ಪ್ರಮಾಣದಲ್ಲಿ ಸೇರಿಸುತ್ತಾರೆ. ದಾರಿಯಲ್ಲಿ ಎಷ್ಟು ಸೋರಿದರೂ ಎರಡೂ ಸಮವಾಗಿ ಸೋರುವುದರಿಂದ ಲೆಕ್ಕ ತಪ್ಪುವುದಿಲ್ಲ. ಈ ಅಳತೆವಿದ್ಯೆಯಲ್ಲಿ ಇದಕ್ಕಿಂತ ಸೊಗಸಾದ ಉಪಾಯ ಇನ್ನೊಂದಿಲ್ಲ.

ತೂಕವೊಂದೇ ಸಾಲದೆಂಬುದು 2006ರಲ್ಲಿ ತಿಳಿಯಿತು. ಮೇಯೊ ಕ್ಲಿನಿಕ್‌ನ ಸಂಶೋಧಕರು ಒಂದು ವರ್ಷದೊಳಗಿನ ಕೆಲವು ಶಿಶುಗಳ ರಕ್ತದಲ್ಲಿ 25-ಹೈಡ್ರಾಕ್ಸಿ ರೂಪದ ಜೋಡಿಯಂತಿರುವ 3-ಎಪಿಮರ್ ಎಂಬ ಅಣು ಗಣನೀಯವಾಗಿರುವುದನ್ನು ಕಂಡರು. ಪರಮಾಣುಗಳು ಅವೇ, ತೂಕವೂ ಅದೇ. ಒಂದು ಹೈಡ್ರಾಕ್ಸಿಲ್ ಮುಖಮಾಡಿದ ದಿಕ್ಕು ಮಾತ್ರ ಬೇರೆ. ಮಾಸ್ ಸ್ಪೆಕ್ಟ್ರೋಮೀಟರ್ ಇವೆರಡನ್ನೂ ಒಂದೇ ಎಂದು ಎಣಿಸಿ, ಮಗುವಿನ ಮಟ್ಟವನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಬೇರ್ಪಡಿಸಬೇಕಾದ್ದು ಕಾಲಮ್ಮೇ, ಅದೂ ತಕ್ಕ ಲೇಪನವಿರುವ ಕಾಲಂ. ಅಮೆರಿಕದ ಎನ್‌ಐಎಸ್‌ಟಿ 2009ರಲ್ಲಿ ಬಿಡುಗಡೆ ಮಾಡಿದ ಆಕರ ಸೀರಮ್ಮಿನ ನಾಲ್ಕು ಮಟ್ಟಗಳಲ್ಲಿ ಒಂದಕ್ಕೆ ಈ ಎಪಿಮರನ್ನು ಬೇಕೆಂದೇ ಬೆರೆಸಲಾಗಿತ್ತು. 2010ರಿಂದ ಎಲ್ಲ ವಿಧಾನಗಳ ಫಲಿತಾಂಶವನ್ನು ಒಂದೇ ಅಳತೆಗೆ ತರುವ ಅಂತರರಾಷ್ಟ್ರೀಯ ಕೆಲಸ ನಡೆದಿದೆ.

ದೇಶದ ಬಹುಪಾಲು ಲ್ಯಾಬುಗಳಲ್ಲಿ ಇಂದಿಗೂ ಪ್ರತಿಕಾಯ ಪರೀಕ್ಷೆಯೇ ಹೆಚ್ಚು, ದಿನನಿತ್ಯದ ಚಿಕಿತ್ಸೆಗೆ ಅದು ಸಾಕಾಗುತ್ತದೆ ಕೂಡ. ಯಾವ ವಿಧಾನ ಎಂಬುದನ್ನು ರಿಪೋರ್ಟಿನಲ್ಲೇ ಸಾಮಾನ್ಯವಾಗಿ ನಮೂದಿಸಿರುತ್ತಾರೆ. ಮಟ್ಟ ಏರಿತೋ ಇಳಿಯಿತೋ ಎಂದು ನೋಡುವವರು ಎರಡು ಸಲವೂ ಒಂದೇ ವಿಧಾನದ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಹೊರದೇಶದಿಂದ ಬಂದವರ ರಿಪೋರ್ಟಿನಲ್ಲಿ ಸಂಖ್ಯೆ ನ್ಯಾನೋಮೋಲ್ ಲೆಕ್ಕದಲ್ಲಿದ್ದರೆ ಅದನ್ನು 2.5ರಿಂದ ಭಾಗಿಸಬೇಕು: ಅಲ್ಲಿಯ 50 ಇಲ್ಲಿಯ 20ಕ್ಕೆ ಸಮ.