ಶಾಲೆ, ದಾದಿ ಮತ್ತು ಹೊಣೆಯ ಮೆಟ್ಟಿಲುಗಳು

ಶಾಲೆಗೊಬ್ಬ ದಾದಿ ಬೇಕೆಂದು ನಾವು ಹೇಳುವುದುಂಟು. ಯಾವ ತರಬೇತಿಯ ದಾದಿ, ಆಕೆಯ ಹೊಣೆ ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳುವುದು ಮಾತ್ರ ವಿರಳ. ಆ ಪ್ರಶ್ನೆಯನ್ನು ಚಾಮರಾಜನಗರ, ಗುಂಡ್ಲುಪೇಟೆಗಳ ಶಾಲೆಗಳನ್ನು ಮುಂದಿಟ್ಟುಕೊಂಡು ವಿಚಾರಿಸಬಯಸುತ್ತೇನೆ.

ನಮ್ಮ ಸರ್ಕಾರಿ ಶಾಲೆಗಳಿಗೆ ಶುಶ್ರೂಷೆ ಬಹುಮಟ್ಟಿಗೆ ಹೊರಗಿನಿಂದ ಬಂದು ಹೋಗುವಂಥದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮಾರ್ಗಸೂಚಿಯಂತೆ, ಸಂಚಾರಿ ತಂಡದಲ್ಲಿ ಆಯುಷ್ ಪದ್ಧತಿಯ ಇಬ್ಬರು ವೈದ್ಯರು, ಒಬ್ಬ ದಾದಿ, ಒಬ್ಬ ಔಷಧ ವಿತರಕ ಇರಬೇಕು. ಶಾಲಾಮಕ್ಕಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಬೇಕು. ಉಳಿದ ದಿನಗಳಲ್ಲಿ ಮಗುವಿನ ಮೇಲಿರುವ ಕಣ್ಣು ಉಪಾಧ್ಯಾಯರದು. ದಾದಿಯರ ಶಿಕ್ಷಣದಲ್ಲಿಯೂ ಮೆಟ್ಟಿಲುಗಳುಂಟು. ಹಳ್ಳಿಯ ಉಪಕೇಂದ್ರದ ಆರೋಗ್ಯ ಸಹಾಯಕಿಯದು ಎರಡು ವರ್ಷದ ತರಬೇತಿ. ಆಸ್ಪತ್ರೆಯ ದಾದಿಯದು ಮೂರು ವರ್ಷದ ಡಿಪ್ಲೊಮಾ ಅಥವಾ ನಾಲ್ಕು ವರ್ಷದ ಪದವಿ.

ಒಂದು ನಿದರ್ಶನ ನೋಡೋಣ. ಗುಂಡ್ಲುಪೇಟೆಯ ಕಾಡಂಚಿನ ಶಾಲೆಯಲ್ಲಿ ಸೋಲಿಗರ ಬಾಲಕಿಯೊಬ್ಬಳು ಪಾಠದ ನಡುವೆ ಬಸವಳಿಯುತ್ತಾಳೆ, ಕೈಕಾಲು ನೋವೆನ್ನುತ್ತಾಳೆ ಎಂದಿಟ್ಟುಕೊಳ್ಳಿ. ಸೋಮಾರಿಯೆಂದು ಗದರದೆ ಅದನ್ನು ಬರೆದಿಟ್ಟು ತಿಳಿಸುವುದು ಉಪಾಧ್ಯಾಯರ ಹೊಣೆ. ಕಣ್ಣಿನ ಒಳರೆಪ್ಪೆ, ಉಗುರುಗಳು ಬಿಳಿಚಿರುವುದನ್ನು ಗುರುತಿಸುವುದು ಆರೋಗ್ಯ ಸಹಾಯಕಿಯ ಹೊಣೆ. ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯಿಂದ ಎಲ್ಲವೂ ಸರಿಹೋದೀತೆಂದು ಅಲ್ಲಿಗೇ ನಿಂತರೆ ಅಪಾಯ. ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಎಂಬ ಆನುವಂಶಿಕ ಕಾಯಿಲೆ ಸೋಲಿಗರಲ್ಲಿ ಕಂಡುಬಂದಿದೆ. ಕಬ್ಬಿಣದ ಮಾತ್ರೆ ಅದನ್ನು ವಾಸಿಮಾಡಲಾರದು. ಅದನ್ನು ಶಂಕಿಸಿ ರಕ್ತಪರೀಕ್ಷೆಗೆ ಬರೆಯುವುದು ವೈದ್ಯರ ಕೆಲಸ, ನಿಶ್ಚಯಿಸುವುದು ಪ್ರಯೋಗಾಲಯದ ಕೆಲಸ. ಈ ಕಾಯಿಲೆಯನ್ನು 2047ರೊಳಗೆ ನಿವಾರಿಸುವ ರಾಷ್ಟ್ರೀಯ ಅಭಿಯಾನವೂ 2023ರಲ್ಲಿ ಆರಂಭವಾಗಿದೆ.

ಇಷ್ಟು ಮೆಟ್ಟಿಲುಗಳಿದ್ದೂ ಮಗು ತಪ್ಪಿಹೋಗುವುದೆಲ್ಲಿ? ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ನಡುವಿನ ಎಡೆಯಲ್ಲಿ. ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಹೋಗಬೇಕೆಂದರೆ ಬಸ್ಸಿನ ಖರ್ಚು ಬೇಕು, ತಂದೆತಾಯಿಯರ ಒಂದು ದಿನದ ಕೂಲಿ ಹೋಗುತ್ತದೆ. ವೈದ್ಯರು ಬರೆದ ಚೀಟಿ ಮನೆಯ ಮಾಡಿನಲ್ಲೇ ಉಳಿದರೆ ಯಾರು ಕೇಳಬೇಕು?

1902ರಲ್ಲಿ ನ್ಯೂಯಾರ್ಕಿನ ಶಾಲೆಗಳಿಗೆ ಲೀನಾ ರೋಜರ್ಸ್ ಎಂಬ ದಾದಿ ಬಂದಾಗ ಇದ್ದದ್ದೂ ಇದೇ ತೊಡಕು. ವೈದ್ಯರು ಕಾಯಿಲೆಯ ಮಕ್ಕಳನ್ನು ಮನೆಗೆ ಕಳಿಸುತ್ತಿದ್ದರು, ಮುಂದಿನದನ್ನು ನೋಡುವವರಿರಲಿಲ್ಲ. ಆಕೆ ಶಾಲೆಯಲ್ಲಿಯೇ ಸಣ್ಣಪುಟ್ಟ ಚಿಕಿತ್ಸೆ ಮಾಡಿದರು, ಮಕ್ಕಳ ಮನೆಗಳಿಗೂ ಹೋದರು. ಗೈರುಹಾಜರಿ ಇಳಿಯಿತು.

ಆದುದರಿಂದ ನನ್ನ ಸಲಹೆ ಇಷ್ಟೆ. ಹೆಚ್ಚು ಓದಿದ ದಾದಿಯೊಬ್ಬರನ್ನು ತಾಲ್ಲೂಕಿಗೆ ನೇಮಿಸಿ, ಚೀಟಿ ಪಡೆದ ಪ್ರತಿಯೊಂದು ಮಗುವಿನ ಹೆಸರಿಗೂ ಅವರನ್ನು ಉತ್ತರವಾದಿಯಾಗಿಸಬೇಕು. ಕಲಿಕೆ ಹೆಚ್ಚಿದಂತೆ ಹೊಣೆಯೂ ಹೆಚ್ಚಬೇಕು. ಮಗು ಆಸ್ಪತ್ರೆ ಮುಟ್ಟಿ ಹಿಂದಿರುಗಿದ ದಿನವೇ ಅದರ ತಪಾಸಣೆ ಮುಗಿಯಿತೆಂದು ಬರೆಯಬೇಕು.