ಜಿಮ್ ಸೇರುವ ಮುನ್ನ

ಇಂಗ್ಲೆಂಡಿನಲ್ಲಿ ಜನವರಿ ತಿಂಗಳೆಂದರೆ ಜಿಮ್‌ಗಳ ಪಾಲಿಗೆ ಸುಗ್ಗಿಯ ಕಾಲ. ಕ್ರಿಸ್‌ಮಸ್ ಊಟದ ಭಾರ, ಹೊಸ ವರ್ಷದ ಸಂಕಲ್ಪ, ಸಂಜೆ ನಾಲ್ಕಕ್ಕೇ ಕವಿಯುವ ಕತ್ತಲೆ ಇವೆಲ್ಲ ಸೇರಿ ಜನರನ್ನು ಸದಸ್ಯತ್ವದ ಅರ್ಜಿಯ ಮುಂದೆ ತಂದು ನಿಲ್ಲಿಸುತ್ತವೆ. ಇಲ್ಲಿ ವೈದ್ಯನಾಗಿ ಎರಡು ದಶಕ ಕಳೆದ ನನ್ನನ್ನು ಕನ್ನಡದ ಗೆಳೆಯರು, ಈಗಷ್ಟೇ ಬಂದಿಳಿದ ತರುಣರು ಆಗಾಗ ಕೇಳುವ ಪ್ರಶ್ನೆ ಒಂದೇ: ‘ಡಾಕ್ಟ್ರೇ, ಜಿಮ್ ಸೇರಬೇಕಾ?’

ವ್ಯಾಯಾಮ ಬೇಕೇ ಬೇಕು ಎಂಬುದರಲ್ಲಿ ಸಂಶಯವಿಲ್ಲ. ಮಧುಮೇಹ ಮತ್ತು ಹೃದ್ರೋಗ ನಮ್ಮವರನ್ನು ಕಡಿಮೆ ತೂಕದಲ್ಲಿಯೇ, ಕಡಿಮೆ ವಯಸ್ಸಿನಲ್ಲಿಯೇ ಕಾಡುತ್ತವೆ. ಆದ್ದರಿಂದಲೇ ಬಿಳಿಯರಿಗೆ ಬಿಎಂಐ 25 ದಾಟಿದರೆ ನೀಡುವ ಎಚ್ಚರಿಕೆಯನ್ನು ದಕ್ಷಿಣ ಏಷ್ಯಾ ಮೂಲದವರಿಗೆ 23ರಲ್ಲಿಯೇ ನೀಡಲಾಗುತ್ತದೆ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆಯಂತಹ ಚಟುವಟಿಕೆ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ, ಇದು ಇಲ್ಲಿನ ಆರೋಗ್ಯ ಇಲಾಖೆಯ ಸಲಹೆ.

ಆದರೆ ಬೇಕೆಂಬುದಕ್ಕೂ ಒಮ್ಮೆಲೇ ಬೇಕೆಂಬುದಕ್ಕೂ ವ್ಯತ್ಯಾಸವಿದೆ. ದಾವಣಗೆರೆಯ ಕಡೆಯ ಎಂಜಿನಿಯರ್ ಒಬ್ಬರು ವರ್ಷಗಟ್ಟಲೆ ಕುರ್ಚಿ ಬಿಟ್ಟೇಳದೆ ದುಡಿದವರು. ಜಿಮ್ ಸೇರಿದ ಮೊದಲ ದಿನವೇ ಮುಕ್ಕಾಲು ಗಂಟೆಯ ಸ್ಪಿನ್ ಕ್ಲಾಸಿನಲ್ಲಿ ಕುಳಿತು, ಶಿಕ್ಷಕ ಕೂಗಿದಷ್ಟೂ ತುಳಿದರು. ಎರಡು ದಿನಗಳಲ್ಲಿ ತೊಡೆಗಳು ಕಲ್ಲಿನಂತೆ ಬಿಗಿದು, ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತು. ಸ್ನಾಯುಗಳು ಒಡೆದು, ಅವುಗಳೊಳಗಿನ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸಬಲ್ಲ ಈ ಸ್ಥಿತಿಗೆ ರಾಬ್ಡೊಮಯೊಲಿಸಿಸ್ ಎಂದು ಹೆಸರು. ನಾಲ್ಕು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಅವರು ಚೇತರಿಸಿಕೊಂಡರು. ಮೈಕೈ ನೋವು ಸಹಜ. ಆದರೆ ಮೂತ್ರದ ಬಣ್ಣ ಹೀಗೆ ಕಪ್ಪಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಖಾಸಗಿ ತರಬೇತುದಾರರ ಶುಲ್ಕ ಸಾಮಾನ್ಯವಾಗಿ ಗಂಟೆಗೆ 30ರಿಂದ 60 ಪೌಂಡ್. ಅವರಿಗೆ ‘ಲೆವೆಲ್ 3’ ಅರ್ಹತೆ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ತರಬೇತುದಾರರು ಭಾರ ಎತ್ತಿಸುವ ಮುನ್ನ ಎದೆನೋವು, ರಕ್ತದೊತ್ತಡ, ಸೇವಿಸುವ ಔಷಧಿಗಳ ಬಗೆಗೆ ವಿಚಾರಿಸುತ್ತಾರೆ. ಸಸ್ಯಾಹಾರಿಯಾದ ನನ್ನ ಪರಿಚಿತೆಯೊಬ್ಬರಿಗೆ ಮೊದಲ ತರಬೇತುದಾರ ದುಬಾರಿ ಪ್ರೋಟೀನ್ ಪುಡಿಯ ಡಬ್ಬಗಳನ್ನು ಹೊರಿಸಿದರೆ, ಎರಡನೆಯಾಕೆ ಅಡುಗೆಮನೆಯ ವಿವರ ಕೇಳಿ ಹುರುಳಿ, ಹೆಸರುಕಾಳು, ಮೊಸರಿನಲ್ಲಿಯೇ ಲೆಕ್ಕ ಹೊಂದಿಸಿದರು.

ಕರಾರುಪತ್ರವನ್ನೂ ಓದಬೇಕು. ಅಗ್ಗದ ಜಿಮ್‌ಗಳು ತಿಂಗಳಿಗೆ ಸುಮಾರು 20ರಿಂದ 30 ಪೌಂಡಿಗೆ, ವರ್ಷದ ಕಟ್ಟುಪಾಡಿಲ್ಲದೆ ದೊರೆಯುತ್ತವೆ. ಕೆಲವೆಡೆ ಹನ್ನೆರಡು ತಿಂಗಳ ಬಂಧನವಿರುತ್ತದೆ. ಕೆಲಸ ಬದಲಿಸಿ ಬೇರೆ ಊರಿಗೆ ಹೋದರೂ ಬ್ಯಾಂಕಿನಿಂದ ಹಣ ಕಡಿತವಾಗುತ್ತಲೇ ಇರುತ್ತದೆ. ಇನ್ನೂ ದೀರ್ಘ ಅವಧಿಗೆ ಕಟ್ಟಿಹಾಕುತ್ತಿದ್ದ ಕೆಲವು ಕರಾರುಗಳು ನ್ಯಾಯಸಮ್ಮತವಲ್ಲವೆಂದು 2011ರಲ್ಲಿ ಇಲ್ಲಿನ ಹೈಕೋರ್ಟ್ ತೀರ್ಪಿತ್ತಿತ್ತು. ಆನ್‌ಲೈನ್‌ನಲ್ಲಿ ಸೇರಿದವರಿಗೆ ಸಾಮಾನ್ಯವಾಗಿ 14 ದಿನಗಳೊಳಗೆ ಮನಸ್ಸು ಬದಲಿಸುವ ಹಕ್ಕಿದೆ.

ಸಾಮೂಹಿಕ ತರಗತಿಗಳ ಲಾಭ ದೇಹಕ್ಕೆ ಮಾತ್ರವಲ್ಲ. ಮಗಳ ಬಾಣಂತನಕ್ಕೆಂದು ಹಾಸನದಿಂದ ಬಂದಿದ್ದ ಹಿರಿಯರೊಬ್ಬರು ಚಳಿಗೆ ಹೆದರಿ ಎರಡು ತಿಂಗಳು ಮನೆ ಬಿಟ್ಟು ಹೊರಟಿರಲಿಲ್ಲ. ನಗರಸಭೆಯ ವ್ಯಾಯಾಮ ಕೇಂದ್ರದಲ್ಲಿ ಕುರ್ಚಿಯಲ್ಲಿ ಕುಳಿತೇ ಮಾಡುವ ತರಗತಿಗೆ, ಸದಸ್ಯತ್ವವಿಲ್ಲದೆ, ದಿನದ ಹಣ ಕಟ್ಟಿ ಮಗಳು ಸೇರಿಸಿದಳು. ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಬೂಟು, ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಮೂರನೆಯ ವಾರ ಅವರು ಬಾರದಿದ್ದಾಗ ಜೊತೆಯ ಅಜ್ಜಿಯೊಬ್ಬರು ಮನೆಯ ಬಾಗಿಲಿಗೇ ಬಂದು ವಿಚಾರಿಸಿದರಂತೆ. ‘ಇಲ್ಲೂ ನನ್ನನ್ನು ಕೇಳೋರಿದ್ದಾರೆ’ ಎಂದು ಹೇಳುವಾಗ ಅವರ ಮುಖದಲ್ಲಿದ್ದ ಗೆಲುವನ್ನು ನಾನು ಯಾವ ಮಾತ್ರೆಯಿಂದಲೂ ತಂದುಕೊಡಲಾರೆ.

ಹಣ ಕಟ್ಟಲಾಗದ ವಿದ್ಯಾರ್ಥಿಗಳಿಗೂ ದಾರಿಯಿದೆ. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕ್‌ನಲ್ಲಿ ಆರಂಭವಾದ ‘ಪಾರ್ಕ್‌ರನ್’ ಇಂದು ದೇಶದಾದ್ಯಂತ ಶನಿವಾರ ಬೆಳಗ್ಗೆ ಉಚಿತವಾಗಿ ನಡೆಯುತ್ತದೆ. ಐದು ಕಿಲೋಮೀಟರನ್ನು ಓಡಬಹುದು, ನಡೆಯಲೂಬಹುದು.

ಇಲ್ಲಿಗೆ ಬರಲು ಸಿದ್ಧತೆ ನಡೆಸಿರುವವರು ಸೂಟ್‌ಕೇಸಿನಲ್ಲಿ ಒಂದು ಜೊತೆ ಒಳ್ಳೆಯ ನಡಿಗೆಯ ಬೂಟಿಗೆ ಜಾಗವಿಡಿ. ಊರಿನಲ್ಲಿರುವ ತಂದೆತಾಯಿಯರು ಭಾನುವಾರದ ಫೋನಿನಲ್ಲಿ ‘ಊಟ ಆಯ್ತಾ’ ಎಂದು ಕೇಳುವ ಜೊತೆಗೆ ‘ಈ ವಾರ ಎಷ್ಟು ದಿನ ನಡೆದೆ’ ಎಂದೂ ಕೇಳಿ.