ಜಾಲಿ ತೊಗಟೆಯ ಕಷಾಯ ಕುಡಿದ ಚಪ್ಪಲಿ

ರಾಯಚೂರಿನಿಂದ ಲಿಂಗಸುಗೂರು ಕಡೆ ಹೊರಟರೆ ಸಿಗುವ ಕಲ್ಮಲದ ಸುತ್ತ, ಅತ್ತ ಮಾನ್ವಿ, ದೇವದುರ್ಗದವರೆಗೂ ಜಾಲಿಗೆ ಬರವಿಲ್ಲ. ಅದರ ಮುಳ್ಳಿಗೆ ಹೆದರಿಯೇ ಕಾಲಿಗೆ ಕೆರ ಬೇಕು. ತಮಾಷೆಯೆಂದರೆ, ಆ ಕೆರದ ತೊಗಲು ಹದವಾಗುವುದೂ ಜಾಲಿಯಿಂದಲೇ. ಎಲ್ಲೆಂದರಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯಲ್ಲ, ಹಳೆಯ ಕರಿಜಾಲಿಯ ತೊಗಟೆ. ಜೊತೆಗೆ ಅಳಲೆಕಾಯಿ ಪುಡಿ.

ಹೀಗೆ ಹದವಾದ ತೊಗಲಿನಿಂದ ಅಥಣಿ, ನಿಪ್ಪಾಣಿ ಕಡೆ ತಯಾರಾಗುವ ಚಪ್ಪಲಿಯನ್ನು ಪೇಟೆಯಲ್ಲಿ ಕೊಲ್ಹಾಪುರಿ ಎಂದೇ ಮಾರುತ್ತಾರೆ. ಹೆಸರು ಕೇಳಿ ಪೂರಾ ಮಹಾರಾಷ್ಟ್ರದ್ದು ಎಂದುಕೊಂಡವರೇ ಹೆಚ್ಚು. 2019ರಲ್ಲಿ ಸಿಕ್ಕ ಜಿಐ ಟ್ಯಾಗ್ ಎಂಟು ಜಿಲ್ಲೆಗಳಿಗೆ ಸೇರಿದ್ದು; ಅದರಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ನಮ್ಮವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಪ್ರದರ್ಶನದಲ್ಲಿ ಇದೇ ನಮೂನೆಯ ಚಪ್ಪಲಿ ತೊಡಿಸಿತು, ಮೂಲ ಎಲ್ಲಿಯದೆಂದು ಹೇಳಲಿಲ್ಲ. ಗದ್ದಲವೆದ್ದ ಮೇಲೆ ಭಾರತದ ಕುಶಲಕರ್ಮಿಗಳಿಂದ ಪ್ರೇರಣೆ ಪಡೆದದ್ದು ನಿಜ ಎಂದು ಒಪ್ಪಿಕೊಂಡಿತು. ಕಲ್ಯಾಣದ ನೆಲಕ್ಕೆ ಈ ಕಸುಬಿನ ದೊಡ್ಡತನವನ್ನು ಮಿಲಾನ್ ಕಲಿಸಬೇಕಿಲ್ಲ. ಸಮಗಾರ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಗೌರವ ಕಥೆಯಲ್ಲಿ ಉಳಿಯಿತು, ರಸ್ತೆ ಬದಿ ಕೂತು ಹೊಲಿಯುವವರ ಕೂಲಿಗೆ ಇಳಿಯಲಿಲ್ಲ.

ಹಸಿ ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ಕೆರೆದು ತೆಗೆಯುತ್ತಾರೆ. ಸಾಂಪ್ರದಾಯಿಕ ಹದದಲ್ಲಿ ಆಮೇಲೆ ಅದನ್ನು ಚೀಲದಂತೆ ಹೊಲಿದು ತೂಗುಹಾಕಿ, ಒಳಗೆ ತೊಗಟೆ ಮತ್ತು ಅಳಲೆಯ ಕಷಾಯ ತುಂಬುತ್ತಾರೆ. ಜಿನುಗಿ ಕೆಳಗಿನ ಪಾತ್ರೆಗೆ ಬಿದ್ದದ್ದನ್ನು ಮತ್ತೆ ಮೇಲಿಂದ ಸುರಿಯುವುದು. ಹೀಗೇ ವಾರಗಟ್ಟಲೆ. ಕಾರ್ಖಾನೆಯ ಕ್ರೋಮ್ ಹದಕ್ಕೆ ಒಂದೆರಡು ದಿನ ಸಾಕು. ತೊಗಲಿನ ನಾರಿನೊಳಗೆ ಇಳಿದು ಅದನ್ನು ಕೊಳೆಯದಂತೆ ಕಾಯುವುದು ಆ ಕಷಾಯದ ಒಗರು, ಅಂದರೆ ಟ್ಯಾನಿನ್. ಹದವಾದ ತೊಗಲನ್ನು ರಂಪಿಗೆಯಿಂದ ಕೊಯ್ದು, ತೊಗಲಿನದೇ ದಾರದಿಂದ ಹೊಲಿಯುತ್ತಾರೆ. ಹೆಣಿಗೆಯ ನಾಜೂಕು ಕೆಲಸ ಬಹುಪಾಲು ಹೆಂಗಸರದು.

ಇಂಥ ಚಪ್ಪಲಿಯ ಆರೈಕೆ ಹೇಗೆಂದು ತಿಳಿಯಲು ಆ ಒಗರಿನ ಗುಣ ತಿಳಿದರಾಯಿತು. ಅಳಲೆಯ ಒಗರಿಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಹಿಂದಿನವರು ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಶಾಯಿ ಮಾಡುತ್ತಿದ್ದುದು ಇದೇ ಗುಣ ನಂಬಿ. ಒದ್ದೆ ಚಪ್ಪಲಿಯನ್ನು ತುಕ್ಕು ಹಿಡಿದ ಗೇಟಿಗೆ ಒರಗಿಸಿಟ್ಟು ನೋಡಿ, ಜೇನುಬಣ್ಣದ ಮೇಲೆ ಶಾಯಿ ಚೆಲ್ಲಿದಂಥ ಕಲೆ ಕೂತಿರುತ್ತದೆ. ಅದನ್ನು ತೆಗೆಯಲು ಸೋಪು ಹಾಕಿ ತಿಕ್ಕಿದಿರೋ, ಕಲೆಯಂತೂ ಹೋಗದು, ತೊಗಲಿನ ಎಣ್ಣೆ ಮಾತ್ರ ಹೋಗಿ ಬಿರುಸಾಗುತ್ತದೆ.

ನಮ್ಮ ಸೀಮೆಯ ಎರೆಮಣ್ಣಿನದು ಇನ್ನೊಂದು ಕಾಟ. ಮಳೆಗಾಲದಲ್ಲಿ ಅಟ್ಟೆಗೆ ಮೆತ್ತಿದ ಕೆಸರನ್ನು ನಲ್ಲಿಗೆ ಹಿಡಿದು ತೊಳೆಯುವುದೇ ರೂಢಿ. ಹಾಗೆ ಮಾಡದೆ ನೆರಳಲ್ಲಿ ಒಣಗಲು ಬಿಟ್ಟು, ಮಣ್ಣು ಹೆಕ್ಕಳಿಕೆ ಎದ್ದ ಮೇಲೆ ಒಣ ಬ್ರಷ್ಷಿನಿಂದ ಉದುರಿಸಬೇಕು. ನೆನೆದ ಜೋಡನ್ನು ಮಾಳಿಗೆ ಮೇಲೆ 40 ಡಿಗ್ರಿಯ ಬಿಸಿಲಿಗಿಟ್ಟರೆ ಹಪ್ಪಳದಂತೆ ಸೆಟೆಯುತ್ತದೆ. ಒಣಗಿದ ಮೇಲೆ ಬಟ್ಟೆ ತುಂಡಿಗೆ ಒಂದೆರಡು ಹನಿ ಔಡಲೆಣ್ಣೆ ಹಾಕಿ ಒರೆಸಿ, ರಾತ್ರಿ ಹಾಗೇ ಬಿಡಿ. ಹೊಸತರಲ್ಲಿ ಕಚ್ಚುವ ಉಂಗುಟದ ಉಂಗುರಕ್ಕೂ ಇದೇ ಮದ್ದು. ಎಣ್ಣೆ ಸುರಿಯಬಾರದು, ಧೂಳೆಲ್ಲ ಅಲ್ಲೇ ಕೂರುತ್ತದೆ. ತೆಗೆದಿಡುವಾಗ ಹಳೆ ಪಂಚೆಯ ತುಂಡಿನಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೂಸು ಹಿಡಿಯುತ್ತದೆ.

ಅಟ್ಟೆಯ ಪದರ ಬಾಯಿ ಬಿಡತೊಡಗಿದಾಗಲೇ ಹೊಲಿಸಿಬಿಡಿ. ಅಡಿಗೆ ಟೈರಿನ ಪಟ್ಟಿ ಹಾಕಿಸುವುದನ್ನು ಕಂಡರೆ ಶುದ್ಧಾಚಾರಿಗಳು ಮೂಗು ಮುರಿಯುತ್ತಾರೆ. ನನ್ನದೇನೂ ತಕರಾರಿಲ್ಲ, ಡಾಂಬರು ರಸ್ತೆಗೆ ಬರೀ ತೊಗಲು ಬೇಗ ಸವೆಯುತ್ತದೆ. ಮೊಳೆ ಮಾತ್ರ ಬೇಡ. ಬೆವರಿಗೆ ಅದು ತುಕ್ಕು ಹಿಡಿದು, ಸುತ್ತಲಿನ ತೊಗಲು ಕಪ್ಪಾಗಿ, ಕೊನೆಗೆ ಅಲ್ಲೇ ಪುಡಿಯಾಗಿ ಉದುರುತ್ತದೆ. ಐದು ನಿಮಿಷ ಹೆಚ್ಚು ಕಾದರೂ ಸರಿ, ದಾರದಲ್ಲೇ ಹೊಲಿದುಕೊಡಿ ಎಂದು ಕೇಳಿ. ಕೂಲಿಗೆ ಚೌಕಾಸಿ ಮಾಡಬೇಡಿ.